ಒಂದೇ ಡಿಸ್ಕ್ 4 ಸಲ ಕಾಣುತ್ತಿದೆ, ಡೆಬಿಯನ್ ಯಾವುದರ ಮೇಲೆ ಹಾಕಲಿ?

ಪ್ರಶ್ನೆ:
ನಮಸ್ಕಾರ ಸರ್. ನಾನು ಒಂದು ಕಾಲೇಜಿನ ಸರ್ವರ್ ರೂಮ್ ನೋಡಿಕೊಳ್ಳುತ್ತೇನೆ. ಹೊಸ ಸರ್ವರ್ ಬಂದಿದೆ, ಅದರೊಳಗೆ ಡಿಸ್ಕೇ ಇಲ್ಲ. ಸ್ಟೋರೇಜ್‌ನಿಂದ 200 ಜಿಬಿಯ ಒಂದು ಲನ್ (ಸ್ಟೋರೇಜ್ ಪೆಟ್ಟಿಗೆಯಿಂದ ಬೇರ್ಪಡಿಸಿ ಕೊಡುವ ಡಿಸ್ಕ್ ಜಾಗ) ಕೊಟ್ಟಿದ್ದಾರೆ, ಅದರಿಂದಲೇ ಬೂಟ್ ಆಗಬೇಕು. ಸರ್ವರ್‌ನ ಎಚ್‌ಬಿಎ ಕಾರ್ಡಿನಲ್ಲಿ (ಸರ್ವರನ್ನು ಸ್ಟೋರೇಜ್‌ಗೆ ಜೋಡಿಸುವ ಕಾರ್ಡ್) 2 ಫೈಬರ್ ಪೋರ್ಟ್ ಇವೆ. ಮಧ್ಯೆ 2 ಸ್ಯಾನ್ (ಸ್ಟೋರೇಜ್ ಜಾಲ) ಸ್ವಿಚ್, ಆ ಕಡೆ ಸ್ಟೋರೇಜ್‌ಗೆ 2 ಕಂಟ್ರೋಲರ್. ಡೆಬಿಯನ್ 12 ಲಿನಕ್ಸ್ ಹಾಕಲು ಕೂತರೆ ಪಾರ್ಟಿಷನ್ ಪುಟದಲ್ಲಿ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ ಅಂತ 4 ಡಿಸ್ಕ್ ತೋರಿಸುತ್ತಿದೆ. ನಾಲ್ಕೂ 214.7 ಜಿಬಿ. ನಿನ್ನೆ ಸುಮ್ನೆ ಎಸ್‌ಡಿಎ ಮೇಲೆ ಹಾಕಿ ನೋಡಿದೆ, ಬೂಟ್ ಕೂಡ ಆಯಿತು. ಹಾಗೇ ಬಿಡಬಹುದಾ?

ಉತ್ತರ:
ಬಿಡಬೇಡಿ. ಇನ್ನೂ ಯಾರ ಡೇಟಾನೂ ಅದರಲ್ಲಿ ಇಲ್ಲ ಅಲ್ವಾ? ಹಾಗಿದ್ದರೆ ಇವತ್ತೇ ಅಳಿಸಿ ಮತ್ತೆ ಹಾಕಿ.

ನೀವು ನೋಡುತ್ತಿರುವುದು 4 ಡಿಸ್ಕ್ ಅಲ್ಲ, ಒಂದೇ ಡಿಸ್ಕಿಗೆ ಹೋಗುವ 4 ದಾರಿ. ಸರ್ವರ್‌ನ ಒಂದೊಂದು ಪೋರ್ಟಿನಿಂದ 2 ಕಂಟ್ರೋಲರಿಗೂ ದಾರಿ ಇದೆ, ಎರಡೆರಡ್ಲಿ ನಾಲ್ಕು. ಲಿನಕ್ಸ್ ಕರ್ನಲ್ ಪ್ರತಿ ದಾರಿಗೂ ಬೇರೆ ಹೆಸರು ಇಡುತ್ತದೆ. ಇವೆಲ್ಲ ಒಂದೇ ಅಂತ ಗುರುತಿಸಿ ಒಟ್ಟುಗೂಡಿಸುವುದು ಮಲ್ಟಿಪಾತ್‌ನ ಕೆಲಸ. ಒಟ್ಟುಗೂಡಿಸಿದ ಮೇಲೆ ಎಂಪಾತ್‌ಎ ಅಂತ ಒಂದು ಹೆಸರು ಸಿಗುತ್ತದೆ. ನೀವು ಬಳಸಬೇಕಾದದ್ದು ಅದನ್ನು ಮಾತ್ರ.

214.7 ನೋಡಿ ಗಾಬರಿ ಬೇಡ. ಸ್ಟೋರೇಜ್ 1024ರ ಲೆಕ್ಕದಲ್ಲಿ 200 ಕೊಟ್ಟಿದೆ, ಡೆಬಿಯನ್ ಇನ್‌ಸ್ಟಾಲರ್ 1000ದ ಲೆಕ್ಕದಲ್ಲಿ ತೋರಿಸುತ್ತದೆ.

ಈಗ ನಿಮ್ಮ ಸರ್ವರ್ ಚೆನ್ನಾಗಿಯೇ ಓಡುತ್ತದೆ, ಆ ಒಂದು ದಾರಿ ಇರುವವರೆಗೆ. ಹಿಂದೆ ಇಂಥದ್ದೇ ಒಂದು ಸರ್ವರನ್ನು ನಾನು ಕೈಯಾರೆ ನೋಡಿದ್ದೇನೆ. ರಾತ್ರಿ ಸ್ಟೋರೇಜ್‌ನ ಫರ್ಮ್‌ವೇರ್ ಅಪ್‌ಡೇಟ್ ಇತ್ತು. ಅದರಲ್ಲಿ ಕಂಟ್ರೋಲರ್‌ಗಳು ಒಂದಾದ ಮೇಲೊಂದು ರೀಬೂಟ್ ಆಗುತ್ತವೆ, ಒಂದು ಹೋದಾಗ ಇನ್ನೊಂದು ನೋಡಿಕೊಳ್ಳುತ್ತದೆ. ಮಿಕ್ಕ ಸರ್ವರ್‌ಗಳಿಗೆ ಏನೂ ಆಗಲಿಲ್ಲ. ಈ ಒಂದರ ರೂಟ್ (ಸಿಸ್ಟಮ್ ಇರುವ ಮುಖ್ಯ ಪಾರ್ಟಿಷನ್) ಮಾತ್ರ ರೀಡ್ ಓನ್ಲಿ ಆಗಿ ಕೂತಿತ್ತು. ಡೆಬಿಯನ್ ಇನ್‌ಸ್ಟಾಲರ್ ಇಎಕ್ಸ್‌ಟಿ4 ರೂಟಿಗೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ) ಒಂದು ಆಯ್ಕೆ ಬರೆದಿಡುತ್ತದೆ: ಡಿಸ್ಕಿನಲ್ಲಿ ತಪ್ಪು ಬಂದರೆ ಬರೆಯುವುದನ್ನು ನಿಲ್ಲಿಸು ಅಂತ. ಅದು ತನ್ನ ಕೆಲಸ ಮಾಡಿತ್ತು. ಇನ್ನೊಂದು ಕಂಟ್ರೋಲರಿನ ದಾರಿಗಳು ಪಕ್ಕದಲ್ಲೇ ಇದ್ದವು, ಬಳಸುವವರಿರಲಿಲ್ಲ.

ಮತ್ತೆ ಕೇಳಿದ್ದು:
ಅರ್ಥವಾಯಿತು ಸರ್. ಆದರೆ ಈಗ ಹಾಕಿರುವುದರ ಮೇಲೇ ಮಲ್ಟಿಪಾತ್ ಪ್ಯಾಕೇಜ್ ಹಾಕಿದರೆ ಆಗಲ್ವಾ? ಹಾಕಿ ನೋಡಿದೆ, ಡಿವೈಸ್ ಬಿಝಿ ಅಂತ ಬರುತ್ತಿದೆ.

ಉತ್ತರ:
ಬಿಝಿ ಅಂತ ಬರಲೇಬೇಕು. ರೂಟ್ ಆಗಲೇ ಎಸ್‌ಡಿಎ ಮೇಲೆ ಮೌಂಟ್ ಆಗಿ ಕೂತಿದೆ. ಯಾರೋ ಕೂತಿರುವ ಕುರ್ಚಿಯನ್ನು ಎಳೆದುಕೊಳ್ಳಲು ಆಗುವುದಿಲ್ಲ. ರೂಟ್ ಮೌಂಟ್ ಆಗುವ ಮೊದಲೇ ಮಲ್ಟಿಪಾತ್ ಏಳಬೇಕು, ಅಂದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಮೆಮೊರಿಗೆ ಬರುವ ಪುಟ್ಟ ಸಿಸ್ಟಮ್) ಒಳಗೇ ಅದು ಇರಬೇಕು. ಡೆಬಿಯನ್‌ನಲ್ಲಿ ಅದಕ್ಕೆ ಮಲ್ಟಿಪಾತ್-ಟೂಲ್ಸ್-ಬೂಟ್ ಅಂತ ಬೇರೆ ಪ್ಯಾಕೇಜ್ ಇದೆ. ಜನ ಬರೀ ಮಲ್ಟಿಪಾತ್-ಟೂಲ್ಸ್ ಹಾಕಿ ಇದನ್ನು ಮರೆಯುತ್ತಾರೆ.

ಅದನ್ನು ಹಾಕಿ, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ, ರೀಬೂಟ್ ಮಾಡಿದರೆ ಈಗಿನದೂ ಸರಿಹೋಗಬಹುದು. ಡೇಟಾ ತುಂಬಿದ ಹಳೇ ಸರ್ವರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮದು ಖಾಲಿ, ಮೊದಲಿನಿಂದ ಹಾಕಿ. ಹೀಗೆ ಮಾಡಿ.

ಸ್ಟೋರೇಜ್ ನೋಡಿಕೊಳ್ಳುವವರಿಗೆ ಮೊದಲು ಹೇಳಿ: ಇನ್‌ಸ್ಟಾಲ್ ಮುಗಿಯುವವರೆಗೆ ಈ ಸರ್ವರ್‌ಗೆ ಬೂಟ್ ಲನ್ ಒಂದೇ ಕಾಣಲಿ, ಡೇಟಾ ಲನ್‌ಗಳು ಆಮೇಲೆ. ಇದನ್ನು ನಾನು ಪಟ್ಟು ಹಿಡಿದು ಕೇಳುತ್ತೇನೆ. ಇನ್ನೊಬ್ಬರ ಡೇಟಾ ಲನ್ ಅಳಿಸಿಬಿಟ್ಟರೆ ವಾಪಸ್ ತರುವ ಬಟನ್ ಎಲ್ಲೂ ಇಲ್ಲ.

ಆಮೇಲೆ ಇನ್‌ಸ್ಟಾಲರ್‌ನ ಮೊದಲ ಮೆನು ಬಂದಾಗ ಎಂಟರ್ ಒತ್ತಬೇಡಿ. ಯುಇಎಫ್‌ಐ ಸರ್ವರ್ ಆದರೆ 'ಇ' ಒತ್ತಿ, ಹಳೇ ಬಯೋಸ್ ಆದರೆ ಟ್ಯಾಬ್. ಕರ್ನಲ್ ಸಾಲು ತೆರೆಯುತ್ತದೆ. ಅದರಲ್ಲಿ 3 ಅಡ್ಡಗೆರೆ ಇರುವ ಜಾಗಕ್ಕೆ ಮೊದಲು, ಒಂದು ಸ್ಪೇಸ್ ಬಿಟ್ಟು ಇದನ್ನು ಸೇರಿಸಿ: ಡಿಸ್ಕ್-ಡಿಟೆಕ್ಟ್/ಮಲ್ಟಿಪಾತ್/ಎನೇಬಲ್=ಟ್ರೂ. ಎಲ್ಲ ಇಂಗ್ಲಿಷ್ ಸಣ್ಣಕ್ಷರ, ಮಧ್ಯದಲ್ಲಿ ಸ್ಪೇಸ್ ಇಲ್ಲ. ಯುಇಎಫ್‌ಐನಲ್ಲಿ ಎಫ್10 ಒತ್ತಿದರೆ ಮುಂದೆ ಹೋಗುತ್ತದೆ.

ಡಿಸ್ಕ್ ಹುಡುಕುವ ಹಂತ ದಾಟಿ ಪಾರ್ಟಿಷನ್ ಪುಟಕ್ಕೆ ಬಂದಾಗ 'ಮಲ್ಟಿಪಾತ್ ಎಂಪಾತ್‌ಎ' ಅಂತ ಒಂದು ಸಾಲು ಕಾಣಬೇಕು, ಪಕ್ಕದಲ್ಲಿ ಡಬ್ಲ್ಯುಡಬ್ಲ್ಯುಐಡಿ ಅನ್ನುವ ಉದ್ದನೆಯ ನಂಬರ್. ಅಲ್ಲಿ ಒಂದು ನಿಮಿಷ ನಿಲ್ಲಿ. ಆ ನಂಬರನ್ನು ಸ್ಟೋರೇಜ್ ಪುಟದಲ್ಲಿ ಲನ್ ಎದುರಿಗೆ ಇರುವ ನಂಬರಿನ ಜೊತೆ ಹೋಲಿಸಿ. ಸಾಮಾನ್ಯವಾಗಿ ಲಿನಕ್ಸ್ ಮುಂದೆ ಒಂದು 3 ಸೇರಿಸಿಕೊಂಡು ತೋರಿಸುತ್ತದೆ. ಆ 3 ಬಿಟ್ಟು, 6ರಿಂದ ಶುರುವಾಗುವ ಉಳಿದ 32 ಅಕ್ಷರ ತಾಳೆ ಆಗಬೇಕು. ನಾನು ಕೊನೆಯ 6 ಅಕ್ಷರ ಜೋರಾಗಿ ಓದುತ್ತೇನೆ, ಆ ಕಡೆಯವರು ಫೋನಿನಲ್ಲಿ ಹೌದು ಅಂದ ಮೇಲೇ ಮುಂದೆ ಹೋಗುವುದು.

ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ಎಲ್ಲಿ ಹಾಕಲಿ ಅಂತ ಕೇಳಿದರೂ ಎಸ್‌ಡಿಎ ಆರಿಸಬೇಡಿ, ಎಂಪಾತ್‌ಎ ಕೊಡಿ. ಯುಇಎಫ್‌ಐ ಆದರೆ ಆ ಪ್ರಶ್ನೆ ಬರುವುದಿಲ್ಲ.

ಇನ್ನೊಬ್ಬ ಸದಸ್ಯರು:
ಸರ್, ರೆಡ್ ಹ್ಯಾಟ್, ಉಬುಂಟುಗೂ ಹೀಗೇ ಬರೆಯಬೇಕಾ? ವಿಂಡೋಸ್ ಸರ್ವರ್ ಕಥೆ ಏನು?

ಉತ್ತರ:
ಬೇಕಿಲ್ಲ. ರೆಡ್ ಹ್ಯಾಟ್ 5ರ ಕಾಲದಲ್ಲಿ ಬೂಟ್ ಸಾಲಿನಲ್ಲಿ ಎಂಪಾತ್ ಅಂತ ಬರೆಯಬೇಕಿತ್ತು. ಈಗಿನದರಲ್ಲಿ ಅದರ ಇನ್‌ಸ್ಟಾಲರ್ ಅನಕೊಂಡ ತಾನೇ ಗುರುತಿಸುತ್ತದೆ. ಇನ್‌ಸ್ಟಾಲೇಷನ್ ಡೆಸ್ಟಿನೇಷನ್ ಪುಟದಲ್ಲಿ 'ಆ್ಯಡ್ ಎ ಡಿಸ್ಕ್' ಒತ್ತಿ, ಮಲ್ಟಿಪಾತ್ ಟ್ಯಾಬಿಗೆ ಹೋಗಿ ಆರಿಸಬೇಕು ಅಷ್ಟೆ. ಸೂಸೆ 15ರಲ್ಲಿ ಅದರ ಇನ್‌ಸ್ಟಾಲರ್ ಯಾಸ್ಟ್ ತಾನೇ ಕೇಳುತ್ತದೆ, ಮಲ್ಟಿಪಾತ್ ಶುರು ಮಾಡಲಾ ಅಂತ. ಎಸ್ ಅನ್ನಿ. ಉಬುಂಟು ಸರ್ವರ್‌ನ ಈಗಿನ ಇನ್‌ಸ್ಟಾಲರ್ ಕೂಡ ತಾನೇ ನೋಡಿಕೊಳ್ಳುತ್ತದೆ.

ವಿಂಡೋಸ್‌ನಲ್ಲಿ ನಾನು ಉಲ್ಟಾ ಮಾಡುತ್ತೇನೆ. ಒಂದೇ ದಾರಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿ ಇನ್‌ಸ್ಟಾಲ್ ಮಾಡುತ್ತೇನೆ. ಆಮೇಲೆ ಎಂಪಿಐಒ (ವಿಂಡೋಸ್‌ನ ಮಲ್ಟಿಪಾತ್) ಫೀಚರ್ ಹಾಕಿ, ಸ್ಟೋರೇಜನ್ನು ಅದಕ್ಕೆ ಸೇರಿಸಿ, ರೀಬೂಟ್ ಆದ ಮೇಲೆ ಉಳಿದ ದಾರಿ ತೆರೆಯುತ್ತೇನೆ.

ಮೊದಲು ಕೇಳಿದವರು, ಮರುದಿನ:
ಸರ್, ನೀವು ಹೇಳಿದ ಹಾಗೇ ಹಾಕಿದೆ. ಎಂಪಾತ್‌ಎ ಬಂತು, ಬೂಟ್ ಆಯಿತು. ಮಲ್ಟಿಪಾತ್ ಕಮಾಂಡಿಗೆ ಎರಡು ಎಲ್ ಕೊಟ್ಟು ನೋಡಿದರೆ 4 ದಾರಿನೂ ಇವೆ, ಆದರೆ 2 ಗುಂಪಾಗಿ ಒಡೆದಿವೆ. ಒಂದರಲ್ಲಿ ಪ್ರಯಾರಿಟಿ 50, ಸ್ಟೇಟಸ್ ಆ್ಯಕ್ಟಿವ್. ಇನ್ನೊಂದರಲ್ಲಿ 10, ಎನೇಬಲ್ಡ್ ಅಂತ ಇದೆ. ಅರ್ಧ ದಾರಿ ಕೆಲಸ ಮಾಡುತ್ತಿಲ್ಲವಾ?

ಉತ್ತರ:
ಸರಿಯಾಗಿಯೇ ಇದೆ. ನಿಮ್ಮ ಸ್ಟೋರೇಜ್ ಅಲುವಾ ರೀತಿಯದು. ಅಂದರೆ ಲನ್ ಒಂದು ಹೊತ್ತಿಗೆ ಒಂದು ಕಂಟ್ರೋಲರಿನ ವಶದಲ್ಲಿರುತ್ತದೆ. ಅದಕ್ಕೆ ನೇರವಾಗಿ ಹೋಗುವ 2 ದಾರಿಗೆ 50. ಇನ್ನೊಂದು ಕಂಟ್ರೋಲರ್ ಮೂಲಕ ಸುತ್ತಿ ಹೋಗುವ 2 ದಾರಿಗೆ 10. ಎನೇಬಲ್ಡ್ ಅಂದರೆ ಸರದಿಗೆ ಕಾಯುತ್ತಿದೆ ಅಂತ. ಪ್ರತಿ ದಾರಿಯ ಸಾಲಿನ ಕೊನೆಯಲ್ಲಿ 'ಆ್ಯಕ್ಟಿವ್ ರೆಡಿ ರನ್ನಿಂಗ್' ಅಂತ ಇದ್ದರೆ ಸಾಕು.

ಇನ್ನೆರಡು ನೋಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಎ1 ಅಂತ ಎಲ್ಲೂ ಇರಬಾರದು. ಯುಯುಐಡಿ (ಪಾರ್ಟಿಷನ್ನಿನ ಬದಲಾಗದ ಗುರುತಿನ ನಂಬರ್) ಇರಲಿ, ಇಲ್ಲವೇ ಎಂಪಾತ್ ಹೆಸರು. ಎರಡನೆಯದು ಎಚ್‌ಬಿಎ ಕಾರ್ಡಿನ ಬೂಟ್ ಸೆಟ್ಟಿಂಗ್. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕರ್ನಲ್ ಏಳುವ ತನಕ ಮಲ್ಟಿಪಾತ್ ಇಲ್ಲವೇ ಇಲ್ಲ, ಕಾರ್ಡ್ ತನಗೆ ಹೇಳಿಕೊಟ್ಟ ದಾರಿಯಲ್ಲೇ ಹೋಗುತ್ತದೆ. ಅಲ್ಲಿ ಒಂದೇ ಕಂಟ್ರೋಲರಿನ ಪೋರ್ಟ್ ನಂಬರ್ ಕೊಟ್ಟಿದ್ದರೆ, ಅದು ಮಲಗಿದ ದಿನ ಓಡುತ್ತಿರುವ ಸರ್ವರ್ ಓಡುತ್ತಲೇ ಇರುತ್ತದೆ, ರೀಬೂಟ್ ಮಾಡಿದರೆ ಮಾತ್ರ ಏಳುವುದಿಲ್ಲ. 2 ಕಂಟ್ರೋಲರಿನ ನಂಬರೂ ಹಾಕಿ, 2 ಪೋರ್ಟಿನಲ್ಲೂ ಹಾಕಿ.

ಆಮೇಲೆ ಕೇಬಲ್ ಕಿತ್ತು ನೋಡಿ. ನಿಜವಾಗಿ ಕೀಳಿ. ಸರ್ವರ್‌ನಲ್ಲಿ ಒಂದು ದೊಡ್ಡ ಫೈಲ್ ಬರೆಯಲು ಬಿಟ್ಟು ಒಂದು ಫೈಬರ್ ಎಳೆಯಿರಿ. ಬರೆಯುವುದು ಕೆಲವು ಸೆಕೆಂಡು ನಿಂತು ಮತ್ತೆ ಮುಂದುವರಿಯಬೇಕು. ಸಾಲಿನಲ್ಲಿ 2 ದಾರಿ 'ಫೇಲ್ಡ್ ಫಾಲ್ಟಿ' ಆಗುತ್ತವೆ, ಸ್ವಲ್ಪ ಹೊತ್ತು ಬಿಟ್ಟರೆ ಪಟ್ಟಿಯಿಂದಲೇ ಮಾಯವಾಗಬಹುದು. ಹಾಕಿದ ಮೇಲೆ ನಾಲ್ಕೂ ವಾಪಸ್ ಬರುವ ತನಕ ಕಾಯಿರಿ. ಆಮೇಲಷ್ಟೇ ಇನ್ನೊಂದು ಎಳೆಯಿರಿ. ಎಳೆದ ತುದಿಗೆ ತಕ್ಷಣ ಮುಚ್ಚಳ ಹಾಕಿ, ಫೈಬರ್‌ಗೆ ಧೂಳು ಆಗಿಬರುವುದಿಲ್ಲ.

ಮೊದಲು ಕೇಳಿದವರು, ಸಂಜೆ:
ಮಾಡಿದೆ ಸರ್. ಮೊದಲನೇ ಕೇಬಲ್ ಎಳೆದಾಗ ಸುಮಾರು 8 ಸೆಕೆಂಡ್ ನಿಂತಿತು, ನನ್ನ ಎದೆಯೂ ನಿಂತ ಹಾಗಾಯಿತು. ಆಮೇಲೆ ಬರೆಯುವುದು ಮುಂದುವರಿಯಿತು. ಎರಡನೆಯದಕ್ಕೂ ಹಾಗೇ. ಒಂದೊಂದು ಕೇಬಲ್ ತೆಗೆದಿಟ್ಟು ರೀಬೂಟ್ ಕೂಡ ಮಾಡಿದೆ. ಮೊದಲನೆಯದು ತೆಗೆದಾಗ ಎದ್ದೇಳಲಿಲ್ಲ! ಕಾರ್ಡಿನ ಎರಡನೇ ಪೋರ್ಟಿನಲ್ಲಿ ಬೂಟ್ ಆಯ್ಕೆಯೇ ಆಫ್ ಇತ್ತು. ಆನ್ ಮಾಡಿ, ನಂಬರ್ ತುಂಬಿಸಿದ ಮೇಲೆ ಎದ್ದಿತು.

ಉತ್ತರ:
ಇದು ಇವತ್ತೇ ಸಿಕ್ಕಿದ್ದು ಬಹಳ ಒಳ್ಳೆಯದಾಯಿತು. ಆ 2 ಪೋರ್ಟಿನ ಸೆಟ್ಟಿಂಗ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಕಾರ್ಡ್ ಬದಲಾಯಿಸುವ ದಿನ ಬೇಕಾಗುತ್ತದೆ. ಇನ್ನು ಡೇಟಾ ಲನ್ ಕೊಡಲು ಹೇಳಬಹುದು.