‘ಅನುವಂಶೀಯತೆ ಸೊನ್ನೆ’ ಎಂದರೆ ಬೆಳೆಗಾರರಿಗೆ ಏನು ತಿಳಿಯಬೇಕು? (ಎರಡು ಪದ ಬೇಕಾಗಿವೆ)

ಬಳಗದವರಿಗೆ ನಮಸ್ಕಾರ.

ವೀಳ್ಯದೆಲೆ ಬೆಳೆಯುವವರಿಗಾಗಿ ತಯಾರಾಗುತ್ತಿರುವ ಒಂದು ಕೈಪಿಡಿಯ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲೆಯ ಸತ್ವದಲ್ಲಿ ತಳಿಯಿಂದ ಬಂದದ್ದೆಷ್ಟು, ಮಣ್ಣು, ನೀರು, ನೆರಳಿನಿಂದ ಬಂದದ್ದೆಷ್ಟು ಎನ್ನುವುದು ಅದರ ವಿಷಯ. ಎರಡು ಪದಗಳ ಹತ್ತಿರ ಕೆಲಸ ಸಿಕ್ಕಿಹಾಕಿಕೊಂಡಿದೆ.

ಮೊದಲನೆಯದು ಹೆರಿಟೆಬಿಲಿಟಿ, ಅಂದರೆ ಒಂದು ಗುಂಪಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಜೀನುಗಳ ಪಾಲೆಷ್ಟು ಎಂಬ ಲೆಕ್ಕ. ಕರಡಿನಲ್ಲಿ ಇದನ್ನು ‘ಅನುವಂಶೀಯತೆ’ ಎಂದಿದ್ದಾರೆ. ಹತ್ತನೇ ತರಗತಿಯ ಪಾಠದಲ್ಲಿ ಹೆರೆಡಿಟಿಗೂ, ಅಂದರೆ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಬರುವುದಕ್ಕೂ, ಇದೇ ಪದ. ಶಾಲೆಯ ಮಟ್ಟಿಗೆ ನಡೆಯುತ್ತದೆ, ತೋಟದಲ್ಲಿ ನಡೆಯುವುದಿಲ್ಲ. ಏಕೆಂದರೆ ಕರಡಿನಲ್ಲಿ ಒಂದು ಕಡೆ ‘ಒಂದೇ ಬಳ್ಳಿಯಿಂದ ಬೆಳೆಸಿದ ತೋಟದಲ್ಲಿ ಖಾರದ ಅನುವಂಶೀಯತೆ ಸೊನ್ನೆ’ ಎಂಬ ವಾಕ್ಯವಿದೆ. ವಿಜ್ಞಾನದ ದೃಷ್ಟಿಯಿಂದ ಅದು ಸರಿಯಾದ ವಾಕ್ಯವೇ. ಓದಿದ ಬೆಳೆಗಾರ ಮಾತ್ರ ‘ಖಾರಕ್ಕೂ ತಳಿಗೂ ಸಂಬಂಧವಿಲ್ಲ, ಯಾವ ಬಳ್ಳಿ ನೆಟ್ಟರೂ ಆದೀತು’ ಎಂದುಕೊಳ್ಳುತ್ತಾನೆ. ಅದು ಪೂರ್ತಿ ತಪ್ಪು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೀಳ್ಯದ ಬಳ್ಳಿಯನ್ನು ತೋಟದಲ್ಲಿ ಬೀಜದಿಂದ ಬೆಳೆಸುವುದಿಲ್ಲ. ಬಳ್ಳಿಯನ್ನು ತುಂಡು ಮಾಡಿ, ಗೆಣ್ಣು ಮಣ್ಣಿಗೆ ತಾಗುವಂತೆ ಅಡಿಕೆ ಮರದ ಬುಡದಲ್ಲಿ ನೆಡುತ್ತಾರೆ. ಹಾಗಾಗಿ ಒಂದೇ ತಾಯಿಬಳ್ಳಿಯಿಂದ ಎದ್ದ ತೋಟದಲ್ಲಿ ಎಲ್ಲ ಬಳ್ಳಿಗಳ ಜೀನುಗಳೂ ಒಂದೇ. ಎಲೆಗೆ ಖಾರ, ಪರಿಮಳ ಕೊಡುವವುಗಳಲ್ಲಿ ಯೂಜಿನಾಲ್, ಚಾವಿಬೆಟಾಲ್, ಹೈಡ್ರಾಕ್ಸಿಚಾವಿಕಾಲ್ ಮುಖ್ಯ. ಇವು ತಯಾರಾಗಲು ಕಿಣ್ವಗಳು ಬೇಕು, ಕಿಣ್ವಕ್ಕೆ ಜೀನು ಬೇಕು. ಯೂಜಿನಾಲ್ ಕಟ್ಟುವ ಕಿಣ್ವದ ಜೀನನ್ನು 2006ರಲ್ಲಿ ಕಾಮಕಸ್ತೂರಿಯಲ್ಲಿ ಗುರುತಿಸಿದರು. ಆ ಜೀನುಗಳಿಲ್ಲದೆ ಖಾರವೇ ಇಲ್ಲ. ಆದರೂ ಅದೇ ತೋಟದಲ್ಲಿ ನೆರಳಿನ ಬಳ್ಳಿಗೂ ಬಿಸಿಲ ಅಂಚಿನ ಬಳ್ಳಿಗೂ, ಚಿಗುರಿಗೂ ಬಲಿತ ಎಲೆಗೂ ವ್ಯತ್ಯಾಸ ಕಾಣುತ್ತದೆ. ಆ ವ್ಯತ್ಯಾಸದಲ್ಲಿ ಜೀನಿನ ಪಾಲು ಏನೂ ಇಲ್ಲ. ಇಲ್ಲಿ ಸೊನ್ನೆ ಎಂದಿರುವುದು ಆ ಪಾಲನ್ನು.

ಆ ತೋಟದಲ್ಲಿರುವುದು ಅಂಬಾಡಿ ತಳಿ ಎಂದುಕೊಳ್ಳಿ. ಅದರ ಜೊತೆ ಕರಿಯೆಲೆ ಎಂಬ ಇನ್ನೊಂದು ತಳಿಯ ಬಳ್ಳಿಯನ್ನೂ ತಂದು ಹಬ್ಬಿಸಿ. ಈಗ ಅಂಕಿ ಮೇಲೇರುತ್ತದೆ. ಹಳೆಯ ಬಳ್ಳಿಯ ಒಂದು ಎಲೆಯೂ ಬದಲಾಗಿಲ್ಲ, ಅಂಕಿ ಬದಲಾಗಿದೆ! ಅಂದರೆ ಇದು ಎಲೆಯ ಗುಣವಲ್ಲ, ಆ ಹೊತ್ತಿಗೆ ಆ ತೋಟದಲ್ಲಿರುವ ಗುಂಪಿನ ಲೆಕ್ಕ. ‘ಅನುವಂಶೀಯತೆ’ ಎಂಬ ಪದದಲ್ಲಿ ಈ ಲೆಕ್ಕದ ವಾಸನೆಯೇ ಇಲ್ಲ.

ನಾನು ‘ತಳಿಪಾಲು’ ಎಂದು ಬರೆದು ನೋಡಿದ್ದೇನೆ: ‘ಈ ತೋಟದಲ್ಲಿ ಖಾರದ ವ್ಯತ್ಯಾಸದ ತಳಿಪಾಲು ಸೊನ್ನೆ.’ ಅಳಿಯಕಟ್ಟಿನ (ಸೋದರಮಾವನ ಆಸ್ತಿ ಸೋದರಳಿಯನಿಗೆ ಹೋಗುತ್ತಿದ್ದ ಪದ್ಧತಿಯ) ಸೀಮೆಯವರಿಗೆ ಪಾಲು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಟ್ಟು ಎಷ್ಟು, ಅದರಲ್ಲಿ ಯಾರದ್ದೆಷ್ಟು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಂದು ತಕರಾರು ಮಾತ್ರ ಉಳಿಯುತ್ತದೆ. ತುಳಸಿಯಂತೆ ಬೀಜದಿಂದ ಬರುವ ಗಿಡಗಳಲ್ಲಿ ಒಂದೇ ತಳಿಯೊಳಗೂ ಜೀನುಗಳ ವ್ಯತ್ಯಾಸ ಇರುತ್ತದೆ, ಅದು ‘ತಳಿ’ ಎಂಬ ಮಾತಿನಲ್ಲಿ ಅಡಗುವುದಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತೇವಲ್ಲ, ಅಲ್ಲಿಂದ ‘ಹುಟ್ಟುಪಾಲು’ ಮಾಡಬಹುದೇ? ನನಗೆ ಅರೆಮನಸ್ಸು.

‘ಪರಿಸರ’ದ ಬಗ್ಗೆ ಹೆಚ್ಚು ಎಳೆಯುವುದಿಲ್ಲ. ಆ ಪದ ಕೇಳಿದರೆ ಈಗ ಜನರಿಗೆ ಜೂನ್ 5ರ ಗಿಡ ನೆಡುವ ಕಾರ್ಯಕ್ರಮ ನೆನಪಾಗುತ್ತದೆಯೇ ಹೊರತು ಗೊಬ್ಬರ, ನೀರು, ಬಳ್ಳಿ ಇಳಿಸಿ ಕಟ್ಟುವ ಕೆಲಸ ನೆನಪಾಗುವುದಿಲ್ಲ. ‘ನೆಲೆ’ ಎಂದು ಹಾಕಿದ್ದೇನೆ, ಯಾರೂ ಬೇಡ ಎನ್ನದಿದ್ದರೆ ಅದೇ ಇರಲಿ.

ಎರಡನೆಯದು ನಿಜಕ್ಕೂ ಕಷ್ಟದ್ದು: ತಳಿ ಮತ್ತು ನೆಲೆಯ ‘ಇಂಟರಾಕ್ಷನ್’, ಅಂದರೆ ನೆಲೆ ಬದಲಾದಂತೆ ತಳಿಗಳ ನಡುವಿನ ಅಂತರವೂ ಬದಲಾಗುವುದು. ಕರಡಿನಲ್ಲಿ ‘ಪರಸ್ಪರ ಕ್ರಿಯೆ’ ಎಂದಿದೆ, ಕೆಳಗೆ ವಿವರಣೆಯಾಗಿ ‘ತಳಿ, ಪರಿಸರ ಎರಡೂ ಪ್ರಭಾವ ಬೀರುತ್ತವೆ’ ಎಂದಿದೆ. ವಿವರಣೆ ದಾರಿ ತಪ್ಪಿಸುತ್ತದೆ. ಚಹಾ ಗಿಡಕ್ಕೆ ನೆರಳು ಕಟ್ಟಿದರೆ ಎಲೆಯಲ್ಲಿ ರುಚಿ ಕೊಡುವ ಥಿಯನೈನ್ ಹೆಚ್ಚಿ, ಒಗರು ಕೊಡುವ ಕ್ಯಾಟೆಚಿನ್ ತಗ್ಗುತ್ತದೆ. ಜಪಾನಿನವರು ಗ್ಯೊಕುರೋ ಚಹಾಕ್ಕೆ ಕೊಯ್ಲಿಗೆ ಸುಮಾರು ಮೂರು ವಾರ ಮೊದಲೇ ನೆರಳು ಹೊದಿಸುವುದು ಇದಕ್ಕೇ. ಎಲ್ಲ ತಳಿಗಳೂ ಒಂದೇ ಅಳತೆಯಲ್ಲಿ ಹೆಚ್ಚಿ ತಗ್ಗಿದರೆ, ತಳಿಯೂ ಲೆಕ್ಕಕ್ಕೆ ಬಂತು, ನೆಲೆಯೂ ಬಂತು, ಇಂಟರಾಕ್ಷನ್ ಮಾತ್ರ ಇಲ್ಲ.

ಅದು ಇರುವ ಉದಾಹರಣೆ ಬೇಕೆಂದರೆ ಸ್ಟೀವಿಯಾ ನೋಡಿ. ಪರಾಗ್ವೆ ಕಡೆಯ ಗಿಡ, ಎಲೆಯೇ ಸಿಹಿ. ಸಿಹಿಯಲ್ಲೂ ಬಗೆಗಳಿವೆ: ಸ್ಟೀವಿಯೋಸೈಡ್ ನಾಲಗೆಯಲ್ಲಿ ಕಹಿ ಉಳಿಸುತ್ತದೆ, ರೆಬಾಡಿಯೋಸೈಡ್-ಎ ಅಷ್ಟು ಉಳಿಸುವುದಿಲ್ಲ. ಮೊದಲನೆಯದಕ್ಕೆ ಒಂದು ಗ್ಲೂಕೋಸ್ ಜೋಡಿಸಿ ಎರಡನೆಯದನ್ನು ಮಾಡುವ ಕಿಣ್ವ ಒಂದು ಜೀನಿನ ಕೈಯಲ್ಲಿದೆ, ಅಲ್ಲಿ ತಳಿಯದೇ ದೊಡ್ಡ ಮಾತು. ಆದರೆ ಎಲೆ ಎಷ್ಟು ಸಿಗುತ್ತದೆ ಎಂಬುದು ಹಗಲಿನ ಉದ್ದಕ್ಕೆ ಕಟ್ಟುಬಿದ್ದದ್ದು. ಹಗಲು ಸುಮಾರು 13 ಗಂಟೆಗಿಂತ ಕಡಿಮೆಯಾದರೆ ಗಿಡ ಹೂಬಿಡುತ್ತದೆ. ಹೂ ಬಂತೆಂದರೆ ಎಲೆಯ ಬೆಳವಣಿಗೆ ಕುಂಠಿತ, ಸಿಹಿಯೂ ಇಳಿಮುಖ. ಉಡುಪಿ ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಜೂನಿನ ಅತಿ ಉದ್ದದ ಹಗಲೂ ಹೆಚ್ಚುಕಡಿಮೆ 13 ಗಂಟೆ, ಅಷ್ಟೆ. ದೂರದ ಉತ್ತರದಲ್ಲಿ ಬೇಸಿಗೆಯಿಡೀ ಸೊಂಪಾಗಿ ಬೆಳೆದು ಮೊದಲ ಸ್ಥಾನ ಪಡೆದ ತಳಿ ಇಲ್ಲಿ ಗೇಣುದ್ದಕ್ಕೇ ಹೂಬಿಟ್ಟು ಕೂರಬಹುದು. ಹಗಲಿನ ಉದ್ದವನ್ನು ಅಷ್ಟಾಗಿ ಲೆಕ್ಕಿಸದ, ಅಲ್ಲಿ ಹಿಂದೆ ಬಿದ್ದಿದ್ದ ಇನ್ನೊಂದು ತಳಿ ಇಲ್ಲಿ ಮುಂದೆ ಬರಬಹುದು. ಹೀಗೆ ಊರು ಬದಲಾದಂತೆ ತಳಿಗಳ ಅಂತರ ಬದಲಾಗುವುದು, ಕೆಲವೊಮ್ಮೆ ಸಾಲೇ ತಲೆಕೆಳಗಾಗುವುದು, ನಮಗೆ ಬೇಕಾದ ಅರ್ಥ. ‘ಪರಸ್ಪರ ಕ್ರಿಯೆ’ ಎಂದರೆ ಪ್ರನಾಳದಲ್ಲಿ ಎರಡು ದ್ರವ ಬೆರೆಸಿದ ಹಾಗೆ ಕೇಳಿಸುತ್ತದೆ.

ಕಿನ್ನಿಗೋಳಿ ಕಡೆಯ ಬೆಳೆಗಾರರೊಬ್ಬರ ಹತ್ತಿರ ಇದನ್ನೇ ಕೇಳಿದೆ. ‘ಅದು ಆ ಮಣ್ಣಿಗೆ ಆಗಿಬರುವ ಎಲೆ ಮಾರಾಯ್ರೆ, ನಮ್ಮಲ್ಲಿ ನೆಟ್ರೆ ಬರೀ ಸೊಪ್ಪು’ ಎಂದರು. ‘ಆಗಿಬರುವುದು’ ತುಂಬ ಚೆನ್ನಾಗಿದೆ. ಯಾವುದಕ್ಕೆ ಯಾವುದು ಎಂಬ ಜೋಡಿಯ ಅರ್ಥ ಅದರಲ್ಲಿದೆ, ‘ಒಗ್ಗುವುದು’ ಎಂಬುದರಲ್ಲೂ ಇದೆ. ಆದರೆ ಎರಡೂ ಒಳ್ಳೆಯದರ ಕಡೆಗೇ ವಾಲುತ್ತವೆ. ನಮಗೆ ಬೇಕಾದದ್ದು ಆಗಿಬರುವುದನ್ನೂ ಆಗಿಬಾರದ್ದನ್ನೂ ಒಟ್ಟಿಗೆ ಹಿಡಿಯುವ ನಾಮಪದ. ‘ತಳಿ-ನೆಲೆ ಹೊಂದಿಕೆ’ಯಲ್ಲೂ ಅದೇ ತೊಡಕು. ಸದ್ಯಕ್ಕೆ ‘ಕೂಡುಪರಿಣಾಮ’ ಎಂದು ಹಾಕಿಟ್ಟಿದ್ದೇನೆ. ತಪ್ಪಿಲ್ಲ, ಜೀವವೂ ಇಲ್ಲ.

ಶಂಕರಪುರದ ಮಲ್ಲಿಗೆ, ಮಟ್ಟುಗುಳ್ಳ ಬದನೆ ಬೆಳೆಯುವವರ ನಡುವೆ ಇರುವವರು ಹೇಳಬೇಕು: ಒಂದೇ ಗಿಡ ಇನ್ನೊಂದು ಊರಿಗೆ ಹೋಗಿ ಬೇರೆಯದೇ ಆಯಿತು ಎನ್ನುವುದಕ್ಕೆ ಅವರಲ್ಲಿ ಯಾವ ಮಾತು ಇದೆ? ತುಳು, ಕುಂದಾಪ್ರ ಕನ್ನಡ, ಹವ್ಯಕ ಯಾವುದಾದರೂ ಸರಿ. ಬಿಡಿ ಪದದ ಬದಲು, ಅವರು ಆಡಿದ ವಾಕ್ಯವನ್ನೇ ಪೂರ್ತಿಯಾಗಿ ಬರೆದು ಕಳಿಸಿದರೆ ಉಪಕಾರ.