ಶ್ರೀಕಂಠನ ಬಾಡಿವರ್ಕು

ಅಂಗಡಿ ತೆರೆದ ಮೂರನೇ ದಿನ ಶ್ರೀಕಂಠನಿಗೆ ಸಿಕ್ಕ ಮೊದಲ ಗಿರಾಕಿ ಒಂದು ಮಾರುತಿ ಓಮ್ನಿ. ಎಡಗಡೆ ಬಾಗಿಲು ನೆಗ್ಗಿತ್ತು. ಓನರು ಇಳಿದು ಬಂದು, "ಬಾಡಿವರ್ಕ್ ಅಂತ ಬೋರ್ಡ್ ನೋಡ್ದೆ ಸಾರ್. ಟಿಂಕರಿಂಗ್ ಒಂದೇನಾ, ಪೇಂಟಿಂಗೂ ಮಾಡ್ತೀರಾ?" ಅಂದರಂತೆ.

ಇದನ್ನು ಹೇಳಿದವನು ಅವನೇ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ, ಅಲ್ಲಿ ಕರಗಿಸಿದ್ದನ್ನು ಮಸಾಲೆ ದೋಸೆಯಲ್ಲಿ ವಾಪಸ್ ತುಂಬಿಕೊಳ್ಳುವುದು ನಮ್ಮ ಐವರ ಪದ್ಧತಿ. ಹೈಸ್ಕೂಲಿಂದ ಜೊತೆಗಿರುವವರು. ಮಾದೇವನದು ಮೆಡಿಕಲ್ ಸ್ಟೋರು, ಪುಟ್ಟಸ್ವಾಮಿ ವಕೀಲ, ನಾಗರತ್ನ ಟೀಚರು, ನಾನು ಬ್ಯಾಂಕು. ಶ್ರೀಕಂಠ ಹತ್ತೊಂಬತ್ತು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಬಿಟ್ಟು, ಮೈಸೂರಿಗೆ ಬಂದು ಈಗ ಜನರ ಮೈ ಉಜ್ಜುತ್ತಾನೆ. ಉಜ್ಜುತ್ತಾನೆ ಅಂದರೆ ಅವನಿಗೆ ಸಿಟ್ಟು. ಹೋಲಿಸ್ಟಿಕ್ ಬಾಡಿವರ್ಕ್ ಪ್ರಾಕ್ಟೀಷನರ್ ಅನ್ನಬೇಕು. (ಈಚೆಗೆ ಹೋಟೆಲ್ ಬಿಲ್ಲು ಮಾದೇವನೇ ಕೊಡುತ್ತಾನೆ. ಅದಕ್ಕೊಂದು ಕಾರಣ ಇದೆ, ಬರುತ್ತೆ.)

"ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಇರ್ಬೇಕು ಕಣೋ, ಕಾನೂನು," ಅಂದ ಪುಟ್ಟಸ್ವಾಮಿ. "ಸಮಗ್ರ ದೇಹಕಾರ್ಯ ಕೇಂದ್ರ ಅಂತ ಹಾಕು."

ನಾಗರತ್ನಂಗೆ ಕಾಫಿ ನೆತ್ತಿಗೇರಿತು. "ಕಾರ್ಯ ಅಂದ್ರೆ ಹನ್ನೊಂದನೇ ದಿನದ್ದೋ, ವರ್ಷಾಬ್ದಿಕದ್ದೋ? ವಡೆ ಇರುತ್ತಾ?"

"ಬಾಡಿ ಅಂದ್ರೂ ಅದೇ ಅಲ್ವೇನೆ? 'ಬಾಡಿ ಎಷ್ಟೊತ್ತಿಗೆ ಬರುತ್ತೆ' ಅಂತ ತಾನೇ ಕೇಳೋದು," ಅಂದ ಮಾದೇವ.

"ಅಂಗಮರ್ದನ ಅಂತ ಒಳ್ಳೇ ಹಳೇ ಪದ ಇದೆಯಲ್ಲ," ಅಂತ ನಾನು ನಡುವೆ ಬಾಯಿ ಹಾಕಿದೆ.

"ಮರ್ದನ ಅಂದ ತಕ್ಷಣ ನಂಗೆ ಕಾಳಿಂಗನೇ ಕಣ್ಣ ಮುಂದೆ ಬರೋದು. ಮಲಗಿಸಿ ಮೇಲೆ ಹತ್ತಿ ಕುಣೀತಾನಾ?"

"ಕುಣೀತೀವಿ," ಅಂದ ಶ್ರೀಕಂಠ, ಬಹಳ ಶಾಂತವಾಗಿ. "ಕೇರಳದಲ್ಲಿ ಅದಕ್ಕೆ ಚವಿಟ್ಟಿ ಉಳಿಚ್ಚಿಲ್ ಅಂತಾರೆ. ಕಳರಿ ಅನ್ನೋ ಯುದ್ಧಕಲೆಯ ಗುರುಗಳು ಮೇಲೆ ಕಟ್ಟಿರೋ ಹಗ್ಗ ಹಿಡ್ಕೊಂಡು, ಎಣ್ಣೆ ಹಚ್ಚಿದ ಮೈಮೇಲೆ ಕಾಲಲ್ಲೇ ನೀವ್ತಾರೆ. ಪೂರ್ತಿ ಭಾರ ಬಿಡಲ್ಲ. ಎಷ್ಟು ಬಿಡ್ಬೇಕು ಅನ್ನೋದನ್ನ ಹಗ್ಗ ಹಿಡಿದ ಕೈ ನೋಡ್ಕೊಳುತ್ತೆ. ಆಯುರ್ವೇದದ ಸುಶ್ರುತ ಹೇಳಿರೋ ಮರ್ಮಸ್ಥಾನ, ಅಂದ್ರೆ ಪೆಟ್ಟು ಬೀಳಬಾರದ ನಾಜೂಕು ಜಾಗ, 107. ಎಲ್ಲಿ ತುಳೀಬೇಕು ಅನ್ನೋದಕ್ಕಿಂತ ಎಲ್ಲಿ ತುಳೀಬಾರ್ದು ಅಂತ ಕಲಿಯೋದೇ ಜಾಸ್ತಿ."

"ಒದೆಸ್ಕೊಳ್ಳೋಕೆ ಕೇರಳಕ್ಕೆ ಹೋದ್ಯಾ? ನಮ್ಮ ನಾಗರತ್ನ ಇರ್ಲಿಲ್ವಾ?"

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾಗರತ್ನ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಬಿಡುತ್ತೆ ಅಂತ ನಮ್ಮ ಕಡೆ ನಂಬಿಕೆ. ಅವಳಿಗೆ ಆರೇಳು ವರ್ಷವಿದ್ದಾಗ ಬೀದಿಯವರೆಲ್ಲ ಸೊಂಟ ಹಿಡಿದುಕೊಂಡು ಬಂದು ಅವರ ಮನೆ ಜಗಲಿ ಮೇಲೆ ಬೋರಲು ಮಲಗುತ್ತಿದ್ದರು. ಇವಳು ಲಂಗ ಎತ್ತಿ ಸಿಕ್ಕಿಸಿ, ಎಡಗಾಲಲ್ಲಿ ಮೂರು ಸಲ ಒದ್ದು, ಕೊಬ್ಬರಿ ಬೆಲ್ಲ ಇಸ್ಕೊಂಡು ಆಟಕ್ಕೆ ಓಡುತ್ತಿದ್ದಳು. ನಮ್ಮ ಲೆಕ್ಕದ ಮೇಷ್ಟರೂ ಒಂದು ಸಲ ಬಂದಿದ್ದರು. ಆ ದಿನ ಮಾತ್ರ ಮೂರಕ್ಕೆ ನಿಲ್ಲಿಸಲಿಲ್ಲವಂತೆ.

"ಸರ್ಟಿಫಿಕೇಟ್ ಇಲ್ದಿದ್ರೂ ಈ ಗುಂಪಲ್ಲಿ ಸೀನಿಯರ್ ಪ್ರಾಕ್ಟೀಷನರ್ ನಾನೇ," ಅಂದಳು ನಾಗರತ್ನ.

ಶ್ರೀಕಂಠನ ಕಥೆ ಶುರುವಾದದ್ದು ಅವನ ಕತ್ತಿನಿಂದ. ಒಂದು ಬೆಳಿಗ್ಗೆ ಎದ್ದರೆ ಕತ್ತು ಬಲಕ್ಕೆ ತಿರುಗಲಿಲ್ಲ. ಆಫೀಸಿನಲ್ಲಿ ಮ್ಯಾನೇಜರ್ ಮಾತಾಡಿಸಿದರೆ ಚಕ್ರದ ಕುರ್ಚಿ ಸಮೇತ ತಿರುಗಿ ಉತ್ತರ ಕೊಡುತ್ತಿದ್ದ. ಎಂಆರ್‌ಐ ಆಯಿತು, ಹೇಳಿಕೊಳ್ಳುವಂಥದ್ದೇನೂ ಇಲ್ಲ ಅಂದರು. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ಹತ್ತು ನಿಮಿಷ ಇವನು ಟೈಪ್ ಮಾಡೋದನ್ನೇ ನೋಡಿ, "ಸಾರ್, ನೀವು ಉಸಿರು ಬಿಡೋದು ಯಾವಾಗ?" ಅಂತ ಕೇಳಿದಳಂತೆ. ಟೆಸ್ಟ್ ಪಾಸಾಗುತ್ತೋ ಫೇಲಾಗುತ್ತೋ ಅಂತ ಕಾಯುತ್ತಾ ಹತ್ತೊಂಬತ್ತು ವರ್ಷ ಅರ್ಧ ಉಸಿರು ಹಿಡಿದೇ ಕೂತಿದ್ದೆ ಅನ್ನೋದು ಅವತ್ತು ಗೊತ್ತಾಯಿತು ಅನ್ನುತ್ತಾನೆ. ಸ್ವಲ್ಪ ಉಪ್ಪು ಖಾರ ಹಾಕಿ ಹೇಳುತ್ತಾನೆ ಅನ್ನಿ, ಆದರೆ ಕತ್ತು ತಿರುಗುತ್ತಿರಲಿಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ.

ಆಮೇಲೆ ಅವನು ಮನೆಯಲ್ಲಿ ಬಾಂಬು ಹಾಕಿದ. ಕೆಲಸ ಬಿಟ್ಟೆ ಅಂದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಅದರ ಜೊತೆಗೇ, ಒಂದೇ ಉಸಿರಲ್ಲಿ, "ಬ್ಯಾಂಕಾಕಿಗೆ ಹೋಗ್ತಿದೀನಿ, ಮಸಾಜ್ ಕಲಿಯೋಕೆ" ಅಂದ. ಅಡುಗೆಮನೆಯಲ್ಲಿ ಕುಕ್ಕರ್ ಕೂಡ ಕೂಗೋದು ನಿಲ್ಲಿಸಿತಂತೆ.

"ಅಮ್ಮ, ಅದು ದೇವಸ್ಥಾನದಲ್ಲಿ ಕಲಿಸೋದು!"

"ದೇವಸ್ಥಾನದಲ್ಲಿ?" ಅಂದರಂತೆ ಅವರಮ್ಮ, ಬರಬಾರದ ವಯಸ್ಸಿನಲ್ಲಿ ಮಗನಿಗೆ ಏನೋ ಬಂದಿದೆ ಅನ್ನೋ ಧ್ವನಿಯಲ್ಲಿ.

ಆದರೆ ಮಾತು ನಿಜ. ಬ್ಯಾಂಕಾಕಿನ ವಾಟ್ ಪೋ ದೇವಾಲಯದಲ್ಲಿ 46 ಮೀಟರ್ ಉದ್ದದ, ಬಂಗಾರದ ಬಣ್ಣದ ಬುದ್ಧ ಪಕ್ಕಕ್ಕೆ ಒರಗಿ ಮಲಗಿದ್ದಾನೆ. ಅಲ್ಲೇ ಥಾಯ್ ಮಸಾಜಿನ ಶಾಲೆ. ಮೈಯ ನಾಡಿಗಳ ಚಿತ್ರಗಳನ್ನು ಕಲ್ಲಲ್ಲೇ ಕೆತ್ತಿ ಗೋಡೆಗೆ ಹಾಕಿದ್ದಾರೆ. 2019ರಲ್ಲಿ ಯುನೆಸ್ಕೋದವರು ಈ ವಿದ್ಯೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದರು. ವಿದ್ಯೆ ಶುರುಮಾಡುವ ಮೊದಲು ಗುರುವಂದನೆಯ ಮಂತ್ರ ಹೇಳುತ್ತಾರೆ, "ಓಂ ನಮೋ ಶಿವಗೋ" ಅಂತ ಶುರು. ಶಿವಗೋ ಅಂದರೆ ಮಗಧದ ವೈದ್ಯ ಜೀವಕ, ಬುದ್ಧನಿಗೆ ಔಷಧ ಕೊಟ್ಟವನು ಅಂತ ಪ್ರತೀತಿ. ಶ್ರೀಕಂಠ ಅಮ್ಮನಿಗೆ ಫೋನ್‌ನಲ್ಲಿ ಅಷ್ಟೇ ಕೇಳಿಸಿದ, ಜೀವಕನ ವಿಷಯ ಎತ್ತಲಿಲ್ಲ. "ಶಿವನ ಹೆಸರು ಹೇಳ್ತಾರೆ, ಪರವಾಗಿಲ್ಲ" ಅಂತ ಅವರು ನಂಜನಗೂಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು.

ಹೆಂಡತಿ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ದೇವಸ್ಥಾನ ತಾನೇ? ನಾನೂ ಬರ್ತೀನಿ" ಅಂತ ಹೊರಟಳು. ಅಲ್ಲಿ ಸುಮ್ಮನೆ ಕೂರಲಾರದೆ ಅವಳೂ ಕೋರ್ಸಿಗೆ ಸೇರಿದಳು. ಕೊನೇ ದಿನ ಟೀಚರು ಅವಳ ಕೈ ನೋಡಿ "ಗುಡ್" ಅಂದು, ಇವನ ಕೈ ನೋಡಿ ನಕ್ಕರಂತೆ.

"ನಗದೆ ಇನ್ನೇನು? ಮೌಸ್ ಹಿಡಿದ ಕೈ," ಅಂದ ಮಾದೇವ.

"ಅದಲ್ಲ ಕಣೋ. ನಾನು ಬಲ ಹಾಕ್ತಿದ್ದೆ. ಮೂರು ತಿಂಗಳಲ್ಲಿ ಹೆಬ್ಬೆರಳು ಊದ್ಕೊಂಡು ನೀರಿನ ಬಾಟ್ಲಿ ಮುಚ್ಚಳ ತೆಗೆಯೋಕೆ ಆಗ್ಲಿಲ್ಲ. ಕೊಡು ಇಲ್ಲಿ ಕೈ," ಅಂತ ನನ್ನ ಬಲಗೈ ಎಳೆದುಕೊಂಡು ಟೇಬಲ್ ಮೇಲೆ, ಚಟ್ನಿ ಬಟ್ಟಲಿನ ಪಕ್ಕ, ಅಂಗೈ ಕೆಳಗೆ ಮಾಡಿ ಇಟ್ಟ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ತನ್ನ ಹೆಬ್ಬೆರಳು ಊರಿ, ತೋಳು ನೆಟ್ಟಗೆ ಮಾಡಿ, ಕುರ್ಚಿಯಲ್ಲಿ ಮುಂದಕ್ಕೆ ವಾಲಿದ. ಒತ್ತಲೇ ಇಲ್ಲ, ಬರೀ ವಾಲಿದ. ಒಳಗೆ ಸಣ್ಣ ಗಂಟೊಂದು ಸಿಕ್ಕಿತು. ನೋವು ಅಲ್ಲಲ್ಲ, ಮಣಿಕಟ್ಟಿನಲ್ಲಿ ಜಿವ್ವೆಂದಿತು.

"ದಿನಾ ಮಲಗಿ ಫೋನ್ ನೋಡ್ತೀಯ."

"ಅದು ಹೆಂಗೆ ಗೊತ್ತಾಯ್ತು?"

"ಕಾಫಿ ಲೋಟ ಎಡಗೈಲಿ ಎತ್ತುತ್ತಿದ್ಯಲ್ಲ."

ಮಾಣಿ ಬಂದು ನಿಂತು, "ಏನ್ ಸಾರ್, ಕೈ ನೋಡಿ ಭವಿಷ್ಯ ಹೇಳ್ತಾರಾ?" ಅಂತ ತನ್ನ ಕೈಯನ್ನೂ ಚಾಚಿದ.

ನೋವು ಒಂದು ಕಡೆ, ಮೂಲ ಇನ್ನೊಂದು ಕಡೆ. ಇದನ್ನೆಲ್ಲ ಮೈಯ ನಕ್ಷೆಯ ಹಾಗೆ ಗುರುತು ಹಾಕಿದವರು ಜ್ಯಾನೆಟ್ ಟ್ರಾವೆಲ್ ಅನ್ನುವ ಡಾಕ್ಟರಮ್ಮ. ಅಮೆರಿಕದ ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಮದ್ದು ಮಾಡಿ ಶ್ವೇತಭವನದ ವೈದ್ಯರೇ ಆದವರು. ಪುಟ್ಟಸ್ವಾಮಿಗೆ ಎರಡು ವರ್ಷದಿಂದ ಬಲಗಾಲಿನ ಹಿಂದೆ ಸೆಳೆತ. ಶ್ರೀಕಂಠ ಅವನನ್ನು ಮಂಚದ ಮೇಲೆ ಮಲಗಿಸುವ ಮೊದಲೇ, "ಹಿಂದಿನ ಜೇಬಿಂದ ಪರ್ಸ್ ತೆಗಿ" ಅಂದನಂತೆ. ಕೋರ್ಟಿನಲ್ಲಿ ದಿನವಿಡೀ ಒಂದು ಕುಂಡಿ ಎತ್ತರ, ಒಂದು ಕುಂಡಿ ತಗ್ಗು.

"ಆ ಪರ್ಸಲ್ಲಿ ದುಡ್ಡಿದ್ದು ನೋವು ಬಂದಿದ್ರೆ ಬೇಜಾರಿರ್ಲಿಲ್ಲ," ಅಂದ ಪುಟ್ಟಸ್ವಾಮಿ. "ಬರೀ ವಿಸಿಟಿಂಗ್ ಕಾರ್ಡು."

"ಹೋಲಿಸ್ಟಿಕ್ ಅಂದ್ರೆ ಇಷ್ಟೇ ಏನೋ? ಪರ್ಸು, ದಿಂಬು, ಚಪ್ಪಲಿ ವಿಚಾರಿಸೋದು? ನಮ್ಮತ್ತೆ ಬಂದವರಿಗೆಲ್ಲ ಪುಕ್ಕಟೆ ವಿಚಾರಿಸ್ತಾರೆ," ಅಂದಳು ನಾಗರತ್ನ.

"ಅತ್ತೆ ವಿಷಯಾನೂ ವಿಚಾರಿಸ್ತೀನಿ. ನಿನ್ನ ಹೆಗಲಲ್ಲಿ ಅರ್ಧ ಬ್ಯಾಗು, ಅರ್ಧ ಅವರು."

ಮಾದೇವನಿಗೆ ಇದ್ಯಾವುದೂ ಹಿಡಿಸುವುದಿಲ್ಲ. "ಇಂಜಿನಿಯರಿಂಗ್ ಓದಿ, ಮೂರು ಲಕ್ಷ ಸುರಿದು, ದೇಶ ಸುತ್ತಿ ಕಲ್ತಿದ್ದು ಎಣ್ಣೆ ಹಚ್ಚೋದು. ನಿಮ್ಮಮ್ಮ ಏನಂದ್ರು ಹೇಳೋ."

ಅವರು ಅಂದದ್ದು ಇಡೀ ಬೀದಿಗೆ ಗೊತ್ತು. "ನರಕ ಚತುರ್ದಶಿ ದಿನ ನಾನು ಎಣ್ಣೆ ಒತ್ತೋಕೆ ಕರೆದ್ರೆ ಚಡ್ಡಿ ಹಿಡ್ಕೊಂಡು ಹಿತ್ತಲಿಗೆ ಓಡ್ತಿದ್ದೆ. ಈಗ ದುಡ್ಡು ಕೊಟ್ಟು ಕಲ್ತು ಬಂದಿದೀಯಾ?" ಆಯುರ್ವೇದದ ಗ್ರಂಥ ಬರೆದ ವಾಗ್ಭಟನೂ ಅಭ್ಯಂಗ ಮಾಡುವಾಗ ತಲೆ, ಕಿವಿ, ಪಾದ ಈ ಮೂರನ್ನು ವಿಶೇಷವಾಗಿ ನೋಡಿಕೊಳ್ಳಬೇಕು ಅಂತಲೇ ಹೇಳಿರೋದು. ಆ ಅಮ್ಮ ವಾಗ್ಭಟನನ್ನು ಓದಿದವರಲ್ಲ. ನೆತ್ತಿಗೆ ಹರಳೆಣ್ಣೆ ತಟ್ಟಿ, ಕಿವಿಗೆರಡು ತೊಟ್ಟು ಬಿಟ್ಟು, ಅಂಗಾಲು ತಿಕ್ಕಿ, ಹಂಡೆ ನೀರು ಸುರಿಯುತ್ತಿದ್ದರು. ಸೀಗೇಕಾಯಿ ಕಣ್ಣಿಗೆ ಹೋಗುವುದು ಮಾತ್ರ ಅವರದೇ ಸೇರ್ಪಡೆ.

"ನಮ್ಮ ಕುಲಪುರುಷನ ಕಥೆ ಕೇಳಿ ಆಮೇಲೆ ನಗು," ಅಂದ ಶ್ರೀಕಂಠ. "ಶೇಖ್ ದೀನ್ ಮಹಮ್ಮದ್. ಪಟ್ನಾದಲ್ಲಿ ಹುಟ್ಟಿದವನು. 1810ರಲ್ಲಿ ಲಂಡನ್ನಲ್ಲಿ ನಮ್ಮ ದೇಶದ ಊಟದ ಹೋಟೆಲ್ ಇಟ್ಟ. ಎರಡೇ ವರ್ಷಕ್ಕೆ ದಿವಾಳಿ. ಆಮೇಲೆ ಬ್ರೈಟನ್ ಸಮುದ್ರದ ದಡಕ್ಕೆ ಹೋಗಿ ಹಬೆ ಸ್ನಾನ, ಮಾಲೀಶು ಶುರು ಮಾಡಿದ. ಇಬ್ಬರು ರಾಜರಿಗೆ ಆಸ್ಥಾನದ ಶಾಂಪೂ ಸರ್ಜನ್ ಆದ!"

"ತಲೆ ತೊಳೀತಿದ್ನಾ?"

"ಚಾಂಪೋ ಅಂದ್ರೆ ಹಿಂದೀಲಿ ಒತ್ತು ಅಂತ. ಮೈ ಒತ್ತೋದಕ್ಕೇ ಶಾಂಪೂ ಅಂತಿದ್ರು. ತಲೆಗೆ ಬಂದಿದ್ದು ಆಮೇಲೆ. ಕುಂಟ್ಕೊಂಡು ಬಂದು ನೆಟ್ಟಗೆ ನಡ್ಕೊಂಡು ಹೋದವರು ಬಿಟ್ಟ ಊರುಗೋಲುಗಳನ್ನ ಗೋಡೆಗೆ ನೇತು ಹಾಕ್ತಿದ್ನಂತೆ."

"ನೀನೂ ಪುಟ್ಟಸ್ವಾಮಿ ಪರ್ಸ್ ನೇತು ಹಾಕು."

ಮಾದೇವ ಕೊನೆಯ ಬಾಣ ಬಿಟ್ಟ. "ಸರಿ ಕಣಯ್ಯ, ಉಜ್ಜಿದ್ರೆ ಮೈಯಲ್ಲಿರೋ ವಿಷ ಎಲ್ಲ ಹೊರಗೆ ಬರುತ್ತಾ? ಎಲ್ಲಾ ಪಾಂಪ್ಲೆಟ್ಟಲ್ಲೂ ಹಾಕಿರ್ತಾರಲ್ಲ."

"ಬರಲ್ಲ. ಅದಕ್ಕೆ ಲಿವರು, ಕಿಡ್ನಿ ಇವೆ. ಸಂಬಳ ಇಲ್ದೆ ದುಡೀತಿವೆ. ನನ್ನ ಕೈಲಿ ಆಗೋದು ನೋವು ಒಂದಷ್ಟು ದಿನ ಕಮ್ಮಿ, ನಿದ್ದೆ ಒಂದಷ್ಟು ಜಾಸ್ತಿ. ಆಮೇಲೆ ನೀನು ಹೆಂಗೆ ಕೂರ್ತೀಯ, ಹೆಂಗೆ ಮಲಗ್ತೀಯ ಅನ್ನೋದು ನಿನಗೇ ಬಿಟ್ಟಿದ್ದು." ಪಾಂಪ್ಲೆಟ್ಟಿನಲ್ಲಿ ವಿಷದ ಮಾತು ಹಾಕದೇ ಇರೋದರಿಂದಲೇ ಇವನ ವ್ಯಾಪಾರ ಅಷ್ಟಕ್ಕಷ್ಟೇ ಅಂತ ನನಗೆ ಗುಮಾನಿ.

ಈಗ ಬಿಲ್ಲಿನ ವಿಷಯ. ಒಂದು ತಿಂಗಳ ಹಿಂದೆ ಮಾದೇವ ಮುಂಬೈಯಿಂದ ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಮಡಚಿಕೊಂಡು ಬಂದ. ಎರಡು ದಿನ ಕಳೆದರೂ ಎಡಗಾಲಿನ ಮೀನಖಂಡ ನೋವು. ತನ್ನ ಅಂಗಡಿಯ ನೋವಿನ ಮಾತ್ರೆ ತಾನೇ ನುಂಗಿದ, ಮುಲಾಮು ಬಳಿದುಕೊಂಡ. ಕೊನೆಗೆ ಕತ್ತಲಾದ ಮೇಲೆ, ನಮಗ್ಯಾರಿಗೂ ಹೇಳದೆ ಶ್ರೀಕಂಠನ ಬಾಗಿಲು ತಟ್ಟಿ, "ಒಂದು ಸಲ ಚೆನ್ನಾಗಿ ಉಜ್ಜಿಬಿಡೋ" ಅಂದ.

ಶ್ರೀಕಂಠ ಅವನ ಪ್ಯಾಂಟಿನ ಎರಡೂ ಕಾಲನ್ನು ಮೊಣಕಾಲಿಗೆ ಏರಿಸಿದ. ಎಡಗಾಲು ಬಲಗಾಲಿಗಿಂತ ದಪ್ಪ. ಕೈಯ ಹಿಂಬದಿ ತಾಗಿಸಿ ನೋಡಿದ, ಬಿಸಿ. ಎಣ್ಣೆ ಬಾಟ್ಲಿ ಮುಚ್ಚಿಟ್ಟು ಸ್ಕೂಟರ್ ಕೀ ತಗೊಂಡ.

"ಏನೋ, ಉಜ್ಜಲ್ವಾ?"

"ಬಾಯ್ಮುಚ್ಕೊಂಡು ಹಿಂದೆ ಕೂತ್ಕೋ."

ಆಸ್ಪತ್ರೆಯಲ್ಲಿ ಡಾಪ್ಲರ್ ಮಾಡಿದರು, ರಕ್ತದ ಓಟ ನೋಡುವ ಸ್ಕ್ಯಾನು. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಅದನ್ನು ಉಜ್ಜಿದರೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಊರಿಗೆಲ್ಲ ರಕ್ತ ತೆಳುವಾಗುವ ಮಾತ್ರೆ ಮಾರುವವನಿಗೆ ತನ್ನ ಕಾಲು ಕಾಣಲಿಲ್ಲ.

"ಇರ್ಲಿ," ಅಂದ ಮಾದೇವ ಬಿಲ್ಲು ನೋಡುತ್ತಾ. "ಆದ್ರೆ ನ್ಯಾಯ ಹೇಳ್ರಪ್ಪ. ಮಸಾಜಿಗೆ ಅಂತ ಹೋದೆ. ಒಂದು ತೊಟ್ಟು ಎಣ್ಣೆ ಹಚ್ಲಿಲ್ಲ. ಆಮೇಲೆ ಫೀಸು ಅಂತ ಕೈ ಚಾಚ್ತಾನೆ!"

"ಮುಟ್ಟದೇ ಇದ್ದಿದ್ದಕ್ಕೇ ಫೀಸು," ಅಂದ ಶ್ರೀಕಂಠ.

"ಕಾನೂನು ಪ್ರಕಾರ ಸರಿ ಇದೆ," ಅಂದ ಪುಟ್ಟಸ್ವಾಮಿ. "ಕೇಸ್ ಹಾಕ್ಬೇಡ ಅಂತ ಹೇಳೋಕೂ ನಾನು ತಗೋತೀನಿ."

"ಹಂಗಂತ ಎಷ್ಟು ಭಾನುವಾರ ಕೊಡ್ಲಿ ನಾನು?"

"ಮಾತ್ರೆ ಎಷ್ಟು ದಿನ ಅಂದಿದಾರೆ ಡಾಕ್ಟ್ರು?"

"ಮೂರು ತಿಂಗ್ಳು."

ನಾಗರತ್ನ ಬೆರಳು ಮಡಚಿ ಲೆಕ್ಕ ಹಾಕಿದಳು. "ಹದಿಮೂರು ಭಾನುವಾರ. ನಾಲ್ಕು ಆಯ್ತು. ಏನಪ್ಪಾ, ಇಲ್ಲಿ ಇನ್ನೊಂದು ಪ್ಲೇಟ್ ವಡೆ ಕೊಡು."