ಶಾಲೆಯಿಂದ ಬಂದ ಮೇಲೆ ಯೋಗಕ್ಕೂ ತ್ರಾಣ ಇಲ್ಲ, ಎಂಥ ಮಾಡುವುದು?

ಪ್ರಶ್ನೆ: ನಮಸ್ಕಾರ ಸರ್. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ 16 ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ತರಬೇತಿ ಮಲಯಾಳದಲ್ಲಿ, ಸುತ್ತೋಲೆಯೂ ಮಲಯಾಳದಲ್ಲಿ. ರಾತ್ರಿ ಕೂತು ಕನ್ನಡ ಮಾಡಿಕೊಂಡೇ ಮರುದಿನ ಕ್ಲಾಸಿಗೆ ಹೋಗಬೇಕು. ಈಗ ಶಾಲಾ ಮಕ್ಕಳ ಕಲಾ ಸ್ಪರ್ಧೆಯ, ಕಲೋತ್ಸವದ ತಯಾರಿ ಬೇರೆ. ಜೂನ್‌ನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು 12 ಸೂರ್ಯನಮಸ್ಕಾರ ಶುರು ಮಾಡಿದ್ದೆ, ಓಣಂ ಪರೀಕ್ಷೆ ಬರುವಾಗ ನಿಂತುಹೋಯಿತು. ಈಗ ಮಕ್ಕಳು ಸಂಶಯ ಕೇಳಿದರೂ ಸಿಟ್ಟು ಬರುತ್ತದೆ. ಮೊದಲು ನಾನು ಹಾಗಿರಲಿಲ್ಲ. ಯೋಗ ಬಿಟ್ಟದ್ದೇ ಕಾರಣವಾ?

ಉತ್ತರ (ಯೋಗ ಶಿಕ್ಷಕ, ಕುಂಬಳೆ): ಅಲ್ಲ ಟೀಚರ್. ಆ ತಪ್ಪಿತಸ್ಥ ಭಾವನೆಯನ್ನು ಮೊದಲು ಇಳಿಸಿ. ರಾತ್ರಿ ಹನ್ನೆರಡಕ್ಕೆ ಮಲಗುವವರು ಐದಕ್ಕೆ ಎದ್ದು ಸೂರ್ಯನಮಸ್ಕಾರ ಮಾಡಿದರೆ ಅದು ನಿದ್ದೆಯಿಂದ ಕದ್ದ ಯೋಗ. ಅದು ನಿಂತದ್ದೇ ಒಳ್ಳೆಯದಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಎಂದು ವಿವರಿಸಿತು, ರೋಗ ಎಂದಲ್ಲ. ಲಕ್ಷಣ ಮೂರು: ಸುಸ್ತು, ಕೆಲಸದ ಮೇಲೆ ಬೇಸರ, ಮಾಡಿದ್ದು ಏನೂ ಸಾಲುವುದಿಲ್ಲ ಅನ್ನಿಸುವುದು. ಮಕ್ಕಳ ಮೇಲಿನ ನಿಮ್ಮ ಸಿಟ್ಟು ಎರಡನೆಯದರ ಜಾತಿಯದ್ದು. ನಿಮ್ಮ ಸ್ವಭಾವ ಕೆಟ್ಟಿಲ್ಲ.

ಸದ್ಯಕ್ಕೆ ಒಂದೇ ಒಂದು ಅಭ್ಯಾಸ ಹಿಡಿಯಿರಿ. ಶಾಲೆಯಿಂದ ಬಂದು ಕೈಕಾಲು ತೊಳೆದು, ಚಾ ಕುಡಿಯುವ ಮೊದಲೇ, ಗೋಡೆಯ ಹತ್ತಿರ ಚಾಪೆ ಹಾಕಿ ಮಲಗಿ ಕಾಲು ಗೋಡೆಗೆ ಏರಿಸಿ. ಸೊಂಟ ಗೋಡೆಯಿಂದ ಒಂದು ಗೇಣು ದೂರ ಇರಲಿ, ಮೊಣಕಾಲು ಸ್ವಲ್ಪ ಸಡಿಲ. ಇಡೀ ದಿನ ನಿಂತು ಪಾಠ ಮಾಡಿದ ಕಾಲಿನ ಭಾರ ಇಳಿಯುವುದು ನಿಮಗೇ ಗೊತ್ತಾಗುತ್ತದೆ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವ ಉಸಿರು ಉದ್ದ. ತಡೆದು ಹಿಡಿಯುವುದು ಬೇಡ. ಐದು ನಿಮಿಷ ಸಾಕು. ಗ್ಲೊಕೋಮ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ನನ್ನಲ್ಲಿಗೆ ಬರುವ ಟೀಚರೊಬ್ಬರು ಶವಾಸನದಲ್ಲಿ ಮಲಗಿದರೂ ಬಲಗೈಯ ಹೆಬ್ಬೆರಳು, ತೋರುಬೆರಳು ಚಾಕ್ ಹಿಡಿದ ಹಾಗೆಯೇ ಸೇರಿಕೊಂಡಿರುತ್ತಿತ್ತು. ಅದು ತಾನಾಗಿ ಬಿಡಲು ಮೂರು ವಾರ ಬೇಕಾಯಿತು. ಆ ಮೂರು ವಾರ ನಾನು ಅವರಿಗೆ ಬೇರೆ ಒಂದೂ ಆಸನ ಹೇಳಿಕೊಡಲಿಲ್ಲ. ಯೋಗಸೂತ್ರದ ‘ಸ್ಥಿರಸುಖಮಾಸನಮ್’, ಎಂದರೆ ಆಸನ ಸ್ಥಿರವಾಗಿ ಸುಖವಾಗಿ ಇರಬೇಕು ಎಂಬುದು, ಎಲ್ಲರ ಬಾಯಲ್ಲೂ ಇದೆ. ಪತಂಜಲಿ ಮರುಸೂತ್ರದಲ್ಲೇ ‘ಪ್ರಯತ್ನಶೈಥಿಲ್ಯ’ ಅನ್ನುತ್ತಾರೆ, ಎಂದರೆ ಪ್ರಯತ್ನವನ್ನು ಸಡಿಲಿಸುವುದು. ಶಿಕ್ಷಕರಿಗೆ ಬೇಕಾದ ಸೂತ್ರ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸೂರ್ಯನಮಸ್ಕಾರ ಕ್ರಿಸ್ಮಸ್ ರಜೆಗೆ ಇರಲಿ, ಅದೂ ಮೂರರಿಂದ. ಉಸಿರು ಏರುವ ಮೊದಲೇ ನಿಲ್ಲಿಸಿ.

ಇನ್ನೊಂದು. ಸುತ್ತೋಲೆ ಕನ್ನಡ ಮಾಡುವ ಹೊರೆಯನ್ನು ಯಾವ ಆಸನವೂ ಇಳಿಸುವುದಿಲ್ಲ. ಹತ್ತಿರದ ಶಾಲೆಗಳ ನಿಮ್ಮದೇ ವಿಷಯದ ನಾಲ್ಕು ಜನ ಸೇರಿ ಪಾಠಕ್ಕೊಬ್ಬರಂತೆ ಹಂಚಿಕೊಳ್ಳಿ. ಒಬ್ಬರೇ ಮಾಡಬೇಕೆಂದು ಯಾರೂ ಹೇಳಿಲ್ಲವಲ್ಲ. ಎರಡು ವಾರ ಸರಿಯಾಗಿ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಚಾಪೆ ಬದಿಗಿಟ್ಟು ಡಾಕ್ಟರಲ್ಲಿಗೆ ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬ್ರ 14416, ಹಗಲು ರಾತ್ರಿ ಯಾವಾಗಲೂ ಫೋನ್ ಮಾಡಬಹುದು.

ಮತ್ತೊಬ್ಬರ ಪ್ರಶ್ನೆ: ಸರ್, ನನಗೆ 54. ಗಂಟುನೋವು, ನೆಲಕ್ಕೆ ಕೂತರೆ ಏಳಲು ಆಗುವುದಿಲ್ಲ. ಸ್ವರವೂ ಒಡೆದಿದೆ.

ಉತ್ತರ: ಮಾಷ್ಟ್ರೇ, ಮಂಚದಲ್ಲೇ ಮಲಗಿ, ಮೀನಖಂಡದ ಅಡಿಗೆ ಎರಡು ದಿಂಬು ಇಡಿ. ಅಷ್ಟೇ ಸಾಕು. ಸ್ವರಕ್ಕೆ ಬಾಯಿ ಮುಚ್ಚಿ ಮೆಲ್ಲಗೆ ಭ್ರಾಮರಿ, ಎಂದರೆ ಉಸಿರು ಬಿಡುತ್ತಾ ದುಂಬಿಯ ಹಾಗೆ ಗುಂಯ್‌ಗುಟ್ಟುವುದು, ಐದು ಸಲ. ಗಂಟಲಿಗೆ ಜೋರು ಹಾಕಬೇಡಿ, ತುಟಿ ಕಂಪಿಸಿದರೆ ಸಾಕು. ಮೂರು ವಾರವಾದರೂ ಸ್ವರ ಸರಿಯಾಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕ್ಲಾಸಿನಲ್ಲಿ ಬಾಟ್ಲಿ ನೀರು ಮೇಜಿನ ಮೇಲೇ ಇರಲಿ.

ಮೊದಲಿನ ಟೀಚರ್: ನಿನ್ನೆ ಗೋಡೆಗೆ ಕಾಲಿಟ್ಟು ಮಲಗಿದವಳಿಗೆ ಹಾಗೆಯೇ ನಿದ್ದೆ ಬಂತು ಸರ್, ಚಾ ತಣಿದುಹೋಯಿತು. ತಪ್ಪಾ?

ಉತ್ತರ: ತಪ್ಪಲ್ಲ ಟೀಚರ್. ಈ ವಾರ ಹಾಗೆಯೇ ನಿದ್ದೆ ಮಾಡಿ.